ಉದರಬಾಧೆ, ಖಿನ್ನತೆ ಮತ್ತು ಸೂಜಿಚಿಕಿತ್ಸೆ

ಕರುಳು ಹಿಂಡಿದಂತಾಯಿತು, ಹೊಟ್ಟೆಯೊಳಗೇ ಸಂಕಟ, ಆ ಮಾತನ್ನು ಅರಗಿಸಿಕೊಳ್ಳಲಾಗಲಿಲ್ಲ: ಮನಸ್ಸಿನ ನೋವನ್ನು ಹೇಳಲು ನಾವು ಕನ್ನಡಿಗರು ಹೊಟ್ಟೆಯ ಮಾತುಗಳನ್ನೇ ಬಳಸುತ್ತ ಬಂದಿದ್ದೇವೆ. ಇದು ಬರಿಯ ನುಡಿಗಟ್ಟಲ್ಲ. ಮೆದುಳಿನಿಂದ ಹೊರಡುವ ವೇಗಸ್ ಎಂಬ ನರವು ಎದೆಯನ್ನು ಹಾದು ಜಠರ, ಕರುಳುಗಳವರೆಗೆ ಇಳಿಯುತ್ತದೆ. ಅದರ ತಂತುಗಳಲ್ಲಿ ಹೆಚ್ಚಿನವು ಉದರದ ಸುದ್ದಿಯನ್ನು ಮೆದುಳಿಗೆ ಒಯ್ಯುವಂಥವು.

ಆದುದರಿಂದಲೇ ಖಿನ್ನತೆಗೆ ಒಳಗಾದವರು ಅನೇಕ ವೇಳೆ ವೈದ್ಯರ ಮುಂದೆ ‘ಮನಸ್ಸು ಸರಿಯಿಲ್ಲ’ ಎನ್ನುವುದಿಲ್ಲ. ‘ಹಸಿವಿಲ್ಲ, ಎರಡು ತುತ್ತಿಗೇ ಹೊಟ್ಟೆ ಉಬ್ಬರಿಸುತ್ತದೆ, ಮಲಬದ್ಧತೆ’ ಎನ್ನುತ್ತಾರೆ. ಊರು ಬಿಟ್ಟು ಈ ಮಹಾನಗರಕ್ಕೆ ಬಂದ ನಮ್ಮವರಂತೂ ಎಲ್ಲವನ್ನೂ ಇಲ್ಲಿಯ ನೀರಿಗೆ, ಹೋಟೆಲಿನ ಊಟಕ್ಕೆ, ಲೋಕಲ್ ರೈಲಿನ ಧಾವಂತಕ್ಕೆ ಹೊರಿಸಿ, ವರ್ಷಗಟ್ಟಲೆ ಅಸಿಡಿಟಿಯ ಮಾತ್ರೆ ನುಂಗುತ್ತಾರೆ. ಒಳಗಿನ ಖಿನ್ನತೆ ಅಷ್ಟೂ ದಿನ ಬೆಳೆಯುತ್ತಲೇ ಇರುತ್ತದೆ.

ಚೀನಾದ ಪ್ರಾಚೀನ ವೈದ್ಯಪದ್ಧತಿ ಈ ಎರಡನ್ನೂ ಬೇರ್ಪಡಿಸಲೇ ಇಲ್ಲ. ಅತಿಚಿಂತೆಯಿಂದ ಪ್ಲೀಹವು ದುರ್ಬಲವಾಗುವುದು, ಅದುಮಿಟ್ಟ ಕೋಪವು ಯಕೃತ್ತಿನಲ್ಲಿ ‘ಚೀ’ ಎಂಬ ಪ್ರಾಣಶಕ್ತಿಯನ್ನು ತಡೆದು ಜೀರ್ಣವನ್ನು ಕೆಡಿಸುವುದು ಎಂಬುದು ಅವರ ಮತ. ಆ ‘ಚೀ’ಯನ್ನು ಶವಪರೀಕ್ಷೆಯಲ್ಲಿ ಯಾರೂ ಕಂಡಿಲ್ಲ, ಆದರೂ ರೋಗಿಯನ್ನು ಆ ಹಿರಿಯರು ಚೆನ್ನಾಗಿ ಗಮನಿಸಿದ್ದರೆಂಬುದನ್ನು ಒಪ್ಪಬೇಕು. ಮೊಣಕಾಲ ಚಿಪ್ಪಿನ ಕೆಳಗೆ ನಾಲ್ಕು ಬೆರಳಗಲದಷ್ಟು ದೂರದಲ್ಲಿ, ಹೊರಬದಿಗೆ ಇರುವ ‘ಝು-ಸಾನ್-ಲಿ’ ಉದರಬಾಧೆಗೆ ಮುಖ್ಯ ಬಿಂದು. ಮುಂಗೈಯ ಒಳಬದಿಯ ‘ನೇ-ಗ್ವಾನ್’ ವಾಕರಿಕೆಗೆ, ನೆತ್ತಿಯ ‘ಬೈ-ಹ್ವೇ’ ಮನಸ್ಸಿನ ಕ್ಷೋಭೆಗೆ. ಕೂದಲೆಳೆಯಂಥ ಸೂಜಿಗಳನ್ನು ಚುಚ್ಚಿ ಇಪ್ಪತ್ತು ಮೂವತ್ತು ನಿಮಿಷ ಬಿಡುತ್ತಾರೆ.

1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಪೀಕಿಂಗಿನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಒಳಗಾದರು. ಅನಂತರದ ಹೊಟ್ಟೆಯುಬ್ಬರಕ್ಕೆ ಮೊಣಕೈ, ಮೊಣಕಾಲುಗಳ ಬಳಿ ಸೂಜಿ ಹಾಕಿಸಿಕೊಂಡು ಒಂದು ಗಂಟೆಯೊಳಗೆ ಉಪಶಮನ ಕಂಡುದಾಗಿ ಅವರು ಬರೆದದ್ದೇ ಪಶ್ಚಿಮದ ಕುತೂಹಲವನ್ನು ಕೆರಳಿಸಿತು. ನಮ್ಮ ದೇಶಕ್ಕೆ ಈ ವಿದ್ಯೆ ಬಂದದ್ದು ಅದಕ್ಕೂ ಮೊದಲು. 1938ರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೊಟ್ನೀಸರೊಡನೆ ಚೀನಾಕ್ಕೆ ಹೋಗಿದ್ದ ಡಾ. ಬಿಜಯಕುಮಾರ ಬಸು ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಅಲ್ಲಿಗೆ ತೆರಳಿ, ಇದನ್ನು ಕಲಿತು ಕಲ್ಕತ್ತೆಯಲ್ಲಿ ಆರಂಭಿಸಿದರು.

ಫಲವೆಷ್ಟು? 2013ರಲ್ಲಿ ಪ್ರಕಟವಾದ, 755 ಖಿನ್ನರನ್ನೊಳಗೊಂಡ ಇಂಗ್ಲೆಂಡಿನ ಅಧ್ಯಯನದಲ್ಲಿ, ಎಂದಿನ ಚಿಕಿತ್ಸೆಯ ಜೊತೆಗೆ ಸೂಜಿಚಿಕಿತ್ಸೆ ಪಡೆದವರು ಮೂರು ತಿಂಗಳಲ್ಲಿ ಹೆಚ್ಚು ಚೇತರಿಸಿಕೊಂಡಿದ್ದರು. ಆಪ್ತಸಲಹೆ ಪಡೆದವರೂ ಅಷ್ಟೇ ಚೇತರಿಸಿಕೊಂಡಿದ್ದರು. 2020ರ ಚೀನೀ ಅಧ್ಯಯನವೊಂದರಲ್ಲಿ ಊಟದ ನಂತರದ ಹೊಟ್ಟೆಭಾರಕ್ಕೆ ನಾಲ್ಕು ವಾರಗಳಲ್ಲಿ 12 ಬಾರಿ ಹಾಕಿದ ಸೂಜಿ, ತೋರಿಕೆಯ ಸೂಜಿಗಿಂತ ಮೇಲೆನಿಸಿತು. ಆದರೆ 2018ರ ಕಾಕ್ರೇನ್ ಸಮೀಕ್ಷೆಯು ಖಿನ್ನತೆಯ ಕುರಿತ 64 ಅಧ್ಯಯನಗಳನ್ನು ಪರಿಶೀಲಿಸಿ, ಪುರಾವೆಯ ಗುಣಮಟ್ಟ ಕಡಿಮೆಯೆಂದೇ ಹೇಳಿದೆ. ಸೂಜಿಯಷ್ಟೇ ಅಲ್ಲ, ಹಸಿವು, ನಿದ್ರೆ, ಮಲವಿಸರ್ಜನೆಗಳನ್ನು ಒಬ್ಬರು ಸಾವಧಾನವಾಗಿ ವಿಚಾರಿಸುವುದೂ, ಅರ್ಧ ಗಂಟೆ ನಿಶ್ಚಿಂತೆಯಿಂದ ಮಲಗುವುದೂ ಇಲ್ಲಿ ಔಷಧವೇ ಎಂದು ನನ್ನ ಎಣಿಕೆ. ಐದು ನಿಮಿಷದಲ್ಲಿ ಚೀಟಿ ಬರೆದುಕೊಡುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಇದು ಜೊತೆಯ ಚಿಕಿತ್ಸೆಯೇ ಹೊರತು ಬದಲಿ ಚಿಕಿತ್ಸೆಯಲ್ಲ. ತೂಕ ಇಳಿಯುವುದು, ಮಲದಲ್ಲಿ ರಕ್ತ, ನುಂಗಲು ತೊಡಕು ಕಂಡರೆ ಮೊದಲು ಹೊಟ್ಟೆಯ ಪರೀಕ್ಷೆಯಾಗಲಿ. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿ ನಿಲ್ಲಿಸಕೂಡದು. ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ಮುಂಚಿತವಾಗಿ ತಿಳಿಸಬೇಕು. ಸೂಜಿಗಳು ಒಮ್ಮೆ ಮಾತ್ರ ಬಳಸುವಂಥವಾಗಿದ್ದು, ಲಕೋಟೆಯನ್ನು ನಿಮ್ಮೆದುರೇ ಒಡೆಯಬೇಕು. ಮಹಾರಾಷ್ಟ್ರದಲ್ಲಿ ಈ ಚಿಕಿತ್ಸಕರ ನೋಂದಣಿಗೆ ಪ್ರತ್ಯೇಕ ಕಾಯಿದೆಯೇ ಇದೆ. ನೋಂದಣಿಯಾಗಿದೆಯೇ ಎಂದು ಕೇಳಲು ಸಂಕೋಚ ಬೇಡ.

ಬದುಕೇ ಬೇಡವೆಂಬ ಯೋಚನೆ ಸುಳಿದರೆ ಮಾತ್ರ ಸೂಜಿಯ ಸರದಿಗಾಗಿ ಕಾಯಬಾರದು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.