ಬೀಗದ ಕೈ ಯಾರ ಹತ್ತಿರ?

ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಯಿತು ಎಂಬ ಮಾತು ನಮ್ಮಲ್ಲಿ ಬಹಳ ಹಿಂದಿನದು. ಹಾಗೆ ಹೇಳುವವರು ಸಾಮಾನ್ಯವಾಗಿ ಹೊಸ ನೀರಿನ ಪಕ್ಷದವರು. ಕೊಚ್ಚಿಹೋದದ್ದರಲ್ಲಿ ಕಸವೆಷ್ಟು, ಕಾಳೆಷ್ಟು ಎಂದು ಆಮೇಲೆ ದಡದಲ್ಲಿ ಹುಡುಕುವ ಕೆಲಸ ಮಾತ್ರ ಉಳಿದವರ ಪಾಲಿಗೆ ಬರುತ್ತದೆ.

ಮೊಬೈಲು, ಕಂಪ್ಯೂಟರುಗಳ ವಿಷಯದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ವಾದವೂ ಇಂಥದೇ. ಮಗ ಹೊಸ ಫೋನು ಕೊಳ್ಳೋಣವೆನ್ನುತ್ತಾನೆ. ತಂದೆ, ‘ಇದಕ್ಕೇನಾಗಿದೆಯಪ್ಪಾ? ಚೆನ್ನಾಗಿಯೇ ಇದೆಯಲ್ಲ!’ ಎನ್ನುತ್ತಾರೆ. ಅಲ್ಲಿಗೆ ತಂದೆಗೆ ‘ಪ್ರಗತಿವಿರೋಧಿ’ ಎಂಬ ಬಿರುದು ಗಟ್ಟಿಯಾಯಿತು! ಈ ಬಿರುದನ್ನು ಇಷ್ಟು ಅಗ್ಗವಾಗಿ ಹಂಚಬಾರದೆಂಬುದು ನನ್ನ ಅಭಿಪ್ರಾಯ. ಬೇಡ ಎನ್ನುವವನು ಯಂತ್ರವನ್ನೇ ಬೇಡವೆನ್ನುತ್ತಾನೋ, ಯಂತ್ರದ ಜೊತೆಗೆ ಬರುವ ಬೀಗವನ್ನು ಬೇಡವೆನ್ನುತ್ತಾನೋ ಎಂಬುದನ್ನು ಮೊದಲು ಕೇಳಬೇಕು.

ಇಂಗ್ಲಿಷಿನಲ್ಲಿ ಹೊಸ ಯಂತ್ರಗಳನ್ನು ಕಂಡರಾಗದವರನ್ನು ‘ಲಡ್ಡೈಟ್’ ಎಂದು ಹಳಿಯುವುದುಂಟು. ಆ ಹೆಸರಿನ ಮೂಲ 1811ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪ್ರಾಂತದಲ್ಲಿ ಎದ್ದ ನೇಕಾರರ ದಂಗೆ. ಕಾಲುಚೀಲ ನೇಯುವ ಮಗ್ಗಗಳನ್ನು ಅವರು ಒಡೆದುಹಾಕಿದರು. ಆದರೆ ಆ ಬಗೆಯ ಮಗ್ಗ ಅವರಿಗೆ ಹೊಸದಾಗಿರಲಿಲ್ಲ. ಎರಡು ಶತಮಾನಕ್ಕೂ ಹಿಂದಿನಿಂದ ಬಳಕೆಯಲ್ಲಿದ್ದುದು. ಅವರ ಸಿಟ್ಟು ಅದರಲ್ಲಿ ಕಳಪೆ ಮಾಲು ನೇಯಿಸಿ ಕೂಲಿಯನ್ನು ಕಡಿಮೆ ಮಾಡಿದ ಮಾಲೀಕರ ಮೇಲೆ. ಸರ್ಕಾರ 1812ರಲ್ಲಿ ಯಂತ್ರ ಒಡೆಯುವವರಿಗೆ ಮರಣದಂಡನೆ ವಿಧಿಸುವ ಕಾನೂನು ತಂದಿತು. ಅದನ್ನು ವಿರೋಧಿಸಿ ಪ್ರಭುಸಭೆಯಲ್ಲಿ ಮಾತಾಡಿದವರಲ್ಲಿ ಕವಿ ಬೈರನ್ ಒಬ್ಬ. ದಂಗೆ ಅಡಗಿತು, ಬೈಗುಳ ಉಳಿಯಿತು, ಅವರು ಕೇಳಿದ್ದ ಪ್ರಶ್ನೆಯನ್ನು ಜನ ಮರೆತರು.

ಈಗ ನಮ್ಮ ಕಾಲಕ್ಕೆ ಬರೋಣ. ಹೊಲಿಗೆಯಂತ್ರವನ್ನು ಕೊಂಡರೆ ಅದು ನಮ್ಮದು. ಮುಚ್ಚಳ ತೆಗೆದು ಎಣ್ಣೆ ಬಿಡಬಹುದು, ಬೆಲ್ಟು ಬದಲಾಯಿಸಬಹುದು, ಮಗಳಿಗೆ ಕೊಟ್ಟು ಕಳಿಸಬಹುದು. ಕಂಪ್ಯೂಟರಿನ ಸಂಗತಿ ಹಾಗಲ್ಲ. ಪೆಟ್ಟಿಗೆ ನಮ್ಮದು, ಒಳಗೆ ಅದನ್ನು ನಡೆಸುವ ತಂತ್ರಾಂಶ ಕಂಪನಿಯದು. ನಾವು ಕೊಟ್ಟ ಹಣಕ್ಕೆ ಸಿಕ್ಕಿದ್ದು ಬಳಸಲು ಅನುಮತಿ ಮಾತ್ರ. ಒಳಗೆ ಏನು ಬರೆದಿದೆಯೆಂದು ನೋಡುವಂತಿಲ್ಲ. ಕೆಟ್ಟರೆ ನಾವೇ ತಿದ್ದುವಂತಿಲ್ಲ.

ಈ ಬೀಗಕ್ಕೆ ಮೊದಲು ಬಲವಾಗಿ ಎದುರು ನಿಂತವರು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್. 1980ರ ಸುಮಾರಿಗೆ ಅವರಿದ್ದ ಎಂ.ಐ.ಟಿ. ಪ್ರಯೋಗಶಾಲೆಗೆ ಒಂದು ಹೊಸ ಮುದ್ರಣಯಂತ್ರ ಬಂತು. ಅದರಲ್ಲಿ ಕಾಗದ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡೊಡನೆ ಎಲ್ಲರಿಗೂ ಸುದ್ದಿ ಮುಟ್ಟುವಂತೆ ತಂತ್ರಾಂಶವನ್ನು ತಿದ್ದಲು ಅವರು ಸಿದ್ಧರಿದ್ದರು. ಹಳೆಯ ಯಂತ್ರದಲ್ಲಿ ಹಾಗೆ ಮಾಡಿಯೂ ಇದ್ದರು. ಆದರೆ ಹೊಸದರ ಮೂಲಬರಹ ಅವರಿಗೆ ಸಿಗಲಿಲ್ಲ. ಅದನ್ನು ಇಟ್ಟುಕೊಂಡಿದ್ದವರು ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟುಬಿಟ್ಟಿದ್ದರು. ಇಂಥ ಅನುಭವಗಳ ಫಲವಾಗಿ 1983ರಲ್ಲಿ ಸ್ಟಾಲ್‌ಮನ್ ‘ಗ್ನು’ ಎಂಬ ಯೋಜನೆಯನ್ನು ಸಾರಿದರು. ಯಾವ ಕೆಲಸಕ್ಕಾದರೂ ಬಳಸುವ, ಒಳಗನ್ನು ಓದಿ ತಿದ್ದುವ, ಪ್ರತಿ ಮಾಡಿ ಹಂಚುವ, ತಿದ್ದಿದ್ದನ್ನೂ ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕು ಎಂಬುದು ಅದರ ಸಾರ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ‘ಲಿನಕ್ಸ್’ ಇದರ ಜೊತೆ ಸೇರಿತು. ಇಂದು ಆಂಡ್ರಾಯ್ಡ್ ಫೋನುಗಳ ಬುಡದಲ್ಲಿ ಇರುವುದು ಇದೇ ಲಿನಕ್ಸ್. ಅಂದರೆ ‘ಮುಕ್ತ ತಂತ್ರಾಂಶವೇ? ಅದೆಲ್ಲ ನಮಗೇಕೆ?’ ಎನ್ನುವವರ ಜೇಬಿನಲ್ಲಿಯೂ ಅದರ ಒಂದು ಪಾಲು ಕುಳಿತಿದೆ!

ಹೊರನಾಡಿನಲ್ಲಿರುವ ಕನ್ನಡಿಗರಿಗೆ ಇದರಿಂದ ಏನಾಗಬೇಕು ಎಂದು ಕೇಳಬಹುದು. ನಮಗೆ ಆಗಬೇಕಾದದ್ದೇ ಹೆಚ್ಚು.

ಕಂಪ್ಯೂಟರಿಗೆ ಅಕ್ಷರ ತಿಳಿಯದು. ಅಂಕೆ ಮಾತ್ರ ತಿಳಿಯುತ್ತದೆ. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ 65 ಎಂಬ ಅಂಕೆ ಬಹಳ ಹಿಂದೆಯೇ ನಿಗದಿಯಾಗಿತ್ತು. ಕನ್ನಡಕ್ಕೆ ಎಲ್ಲೆಡೆ ನಡೆಯುವಂಥ ಅಂಕೆ ಬಳಕೆಗೆ ಬರುವ ಮುನ್ನ ನಮ್ಮವರು ಒಂದು ಉಪಾಯ ಹೂಡಿದರು. ಇಂಗ್ಲಿಷ್ ಅಕ್ಷರಗಳ ಅಂಕೆಗಳನ್ನೇ ಇಟ್ಟುಕೊಂಡು, ಅವುಗಳ ಮೇಲೆ ಕನ್ನಡದ ರೂಪಗಳನ್ನು ಕೂರಿಸಿದ ಫಾಂಟುಗಳನ್ನು ಮಾಡಿದರು. ಪರದೆಯ ಮೇಲೆ ಮುದ್ದಾದ ಕನ್ನಡ; ಒಳಗೆಲ್ಲ ಇಂಗ್ಲಿಷ್ ಅಂಕೆ. ಒಬ್ಬೊಬ್ಬ ತಯಾರಕರದು ಒಂದೊಂದು ಜೋಡಣೆ. ಆ ಫಾಂಟು ಇರುವವರೆಗೆ ಎಲ್ಲವೂ ಸರಿ. ಅದಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ.

1999ರಲ್ಲಿ ಊರಿನ ಅಜ್ಜ ಮನೆತನದ ಚರಿತ್ರೆಯನ್ನು ಹೀಗೆ ಟೈಪು ಮಾಡಿಸಿ ಇಟ್ಟಿದ್ದಾರೆನ್ನಿ. ಪುಣೆಯಲ್ಲಿ ಬೆಳೆದ ಮೊಮ್ಮಗಳು ಕಷ್ಟಪಟ್ಟು ಕನ್ನಡ ಓದಲು ಕಲಿತು ಆ ಕಡತವನ್ನು ತೆರೆದರೆ ಕಾಣುವುದು ಕಗ್ಗ. ಅಜ್ಜನ ಮಾತು ಅಳಿದಿಲ್ಲ, ಒಳಗೇ ಇದೆ. ಬೀಗದ ಕೈ ಮಾತ್ರ ಎಲ್ಲೋ ಕಳೆದಿದೆ. ನಮ್ಮ ಸಂಘಗಳ ಎಷ್ಟು ಸ್ಮರಣ ಸಂಚಿಕೆಗಳು ಇದೇ ಸ್ಥಿತಿಯಲ್ಲಿವೆಯೋ!

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್ ಎಂಬ ಜಗತ್ತಿನ ಒಪ್ಪಂದ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಜಾಗ ಸಿಕ್ಕಿತು. ಅದರ ಪ್ರಕಾರ ನಮ್ಮ ‘ಕ’ಕಾರದ ಅಂಕೆ 3221. ಈ ಅಂಕೆ ಯಾರ ಸ್ವತ್ತೂ ಅಲ್ಲ. ದೆಹಲಿಯಲ್ಲಿ ಬರೆದರೂ ಡೆಟ್ರಾಯಿಟಿನಲ್ಲಿ ಓದಿದರೂ ‘ಕ’ವು ‘ಕ’ವೇ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಗಲು ಸಾಧ್ಯವಾದದ್ದು ಇದರ ಮೇಲೆಯೇ. ಆಂಡ್ರಾಯ್ಡ್ ಫೋನುಗಳು 2012ರಲ್ಲಿ ಕನ್ನಡವನ್ನು ಸರಿಯಾಗಿ ತೋರಿಸತೊಡಗಿದ ಮೇಲೆ ಮನೆಮಂದಿಯ ಪತ್ರವ್ಯವಹಾರವೇ ಕನ್ನಡಕ್ಕೆ ತಿರುಗಿತು.

ಅಂಥದೇ ಇನ್ನೊಂದು ಉಪಕಾರ ಕೆ. ಪಿ. ರಾಯರದು. ಮಂಗಳೂರಿನ ಕಡೆಯಿಂದ ಬಂದು ಮುಂಬಯಿಯಲ್ಲಿ ದುಡಿದ ಈ ಕಿನ್ನಿಕಂಬಳ ಪದ್ಮನಾಭರಾಯರು, ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಇಡೀ ಕನ್ನಡ ವರ್ಣಮಾಲೆಯನ್ನು ಉಚ್ಚಾರಣೆಯ ಕ್ರಮದಲ್ಲಿ ಕೂರಿಸಿದರು. ‘ಕೆ’ ಒತ್ತಿದರೆ ‘ಕ’, ಶಿಫ್ಟ್ ಸೇರಿಸಿದರೆ ‘ಖ’. ಇದನ್ನು ಅವರು ಯಾರಿಗೂ ಮಾರದೆ ಎಲ್ಲರ ಬಳಕೆಗೆ ಬಿಟ್ಟರು. ಅಲ್ಪಸ್ವಲ್ಪ ಬದಲಾವಣೆಯೊಡನೆ ಕರ್ನಾಟಕ ಸರ್ಕಾರ ಅದನ್ನೇ ಅಂಗೀಕರಿಸಿತು. ಊರ ಬಾವಿ ತೋಡಿಸಿದವರನ್ನು ನೆನೆಯುವಂತೆ ಇಂಥವರನ್ನು ನೆನೆಯಬೇಕು.

ಇಷ್ಟಾದರೂ ಅನೇಕ ಮುದ್ರಣಾಲಯಗಳು ಬಹುಕಾಲ ಹಳೆಯ ಫಾಂಟುಗಳನ್ನು ಬಿಡಲಿಲ್ಲ. ‘ಎಂಥ ಜಡರು!’ ಎಂದು ಕೆಲವರು ಬೈದರು. ಆದರೆ ಅವರು ಪುಟ ಕಟ್ಟುತ್ತಿದ್ದ ಪೇಜ್‌ಮೇಕರಿನಂಥ ತಂತ್ರಾಂಶಗಳಿಗೆ ಯೂನಿಕೋಡ್ ಕನ್ನಡದ ಒತ್ತಕ್ಷರ ಕೂರುತ್ತಿರಲಿಲ್ಲ. ನಾಳೆ ಬೆಳಿಗ್ಗೆ ಲಗ್ನಪತ್ರಿಕೆ ಕೊಡಬೇಕಾದವನು ಪ್ರಗತಿಯ ಹೆಸರಿನಲ್ಲಿ ಒತ್ತಕ್ಷರವಿಲ್ಲದ ಲಗ್ನಪತ್ರಿಕೆ ಕೊಟ್ಟಾನೆಯೆ? ಅವರ ಹಟಕ್ಕೆ ಕಾರಣವಿತ್ತು. ಕಾರಣವನ್ನು ಕೇಳಿ ಪರಿಹರಿಸಿದಲ್ಲಿ ಹಟ ತಾನಾಗಿ ಸಡಿಲುತ್ತದೆ.

ಹಾಗೆಂದು ಮುಕ್ತ ತಂತ್ರಾಂಶವೆಲ್ಲ ಬಂಗಾರವೆಂದು ನಾನು ಹೇಳುವುದಿಲ್ಲ. ಕೆಲವು ಪ್ರಿಂಟರುಗಳು ಅದರೊಡನೆ ಮುನಿಸಿಕೊಳ್ಳುತ್ತವೆ. ಆಫೀಸಿನವರು ಇಂಥದೇ ತಂತ್ರಾಂಶ ಬೇಕೆಂದರೆ ಬೇರೆ ದಾರಿಯಿಲ್ಲ. ದುಡ್ಡಿನ ಆಸೆಯಿಲ್ಲದೆ ಅದನ್ನು ಕಾಪಾಡುವ ಕೆಲವೇ ಮಂದಿ ದಣಿದರೆ ಕೆಲಸವೂ ನಿಲ್ಲುತ್ತದೆ. ಆದರೆ ಒಂದು ಗುಣ ಉಂಟು: ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಕೈಗೆತ್ತಿಕೊಳ್ಳಬಹುದು. ಬೀಗವಿಲ್ಲ.

ಇದರ ಬೆಲೆ ಈಚೆಗೆ ಹಲವರಿಗೆ ತಿಳಿದಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಅದರ ಮುಂದಿನ ವಿಂಡೋಸ್ 11 ಕೇಳುವ ಭದ್ರತಾ ಚಿಪ್ಪಾಗಲಿ ಪ್ರೊಸೆಸರಾಗಲಿ ಹಳೆಯ ಎಷ್ಟೋ ಯಂತ್ರಗಳಲ್ಲಿ ಇಲ್ಲ. ಕೈಕಾಲು ಗಟ್ಟಿಯಿರುವ ಕಂಪ್ಯೂಟರಿಗೆ ಹೀಗೆ ನಿವೃತ್ತಿ! ಅವುಗಳಲ್ಲಿ ಬಹಳಷ್ಟಕ್ಕೆ ಲಿನಕ್ಸ್ ಹಾಕಿದರೆ ಕಾಗದ ಬರೆಯಲು, ಲೆಕ್ಕವಿಡಲು, ಮಕ್ಕಳ ಪಾಠಕ್ಕೆ ಇನ್ನಷ್ಟು ವರ್ಷ ಬರುತ್ತವೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಹುಕಾಲದಿಂದ ಗಣಕದ ಪಾಠ ಮುಕ್ತ ತಂತ್ರಾಂಶದಲ್ಲಿಯೇ ನಡೆಯುತ್ತಿದೆ. ಕಾಸರಗೋಡಿನ ಕನ್ನಡ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಅವರಿಗೆ ಆಗುವುದು ನಮಗೆ ಆಗದೆ?

ಆದ್ದರಿಂದ ಹೊಸ ವಸ್ತು ಮನೆಗೆ ಬರುವಾಗ ಮೂರು ಪ್ರಶ್ನೆ ಕೇಳೋಣ. ಕೆಟ್ಟರೆ ಪೇಟೆಯ ರಿಪೇರಿಯವನು ಬಿಚ್ಚಿ ಸರಿಮಾಡಬಲ್ಲನೆ? ಇದರಲ್ಲಿ ಇಟ್ಟ ಪತ್ರ, ಫೋಟೋ, ಲೆಕ್ಕಗಳನ್ನು ನಾಳೆ ಬೇರೆ ಯಂತ್ರಕ್ಕೆ ಒಯ್ಯಬಹುದೆ? ಇದಕ್ಕೆ ಕನ್ನಡ ಬರುತ್ತದೆಯೆ? ಮೂರಕ್ಕೂ ಹೌದೆಂದರೆ ಸಂತೋಷವಾಗಿ ಕೊಳ್ಳಿ, ಅಜ್ಜನೂ ಬೇಡವೆನ್ನಲಾರರು.

ಸಂಘಗಳಿಗೂ ಒಂದು ಕೆಲಸವಿದೆ. ಕಪಾಟಿನ ಸಿ.ಡಿ.ಗಳಲ್ಲಿರುವ ಹಳೆಯ ಸಂಚಿಕೆಗಳನ್ನು ಹೊರತೆಗೆದು ಯೂನಿಕೋಡಿಗೆ ತಿರುಗಿಸಬೇಕು. ಇದಕ್ಕೆ ಬೇಕಾದ ಪರಿವರ್ತಕಗಳನ್ನು ಕನ್ನಡದ ಉತ್ಸಾಹಿಗಳು ಬರೆದು, ಮೂಲಬರಹ ಸಹಿತ ಉಚಿತವಾಗಿ ಕೊಟ್ಟಿದ್ದಾರೆ. ತಿರುಗಿಸಿದ ಮೇಲೆ ತಪ್ಪು ತಿದ್ದಲು ಕನ್ನಡ ಚೆನ್ನಾಗಿ ಬಲ್ಲ ಹಿರಿಯರು ಬೇಕು. ಯಂತ್ರ ನಡೆಸಲು ಕಿರಿಯರು ಬೇಕು. ತಿಂಗಳಿಗೊಂದು ಭಾನುವಾರ ಇಬ್ಬರೂ ಒಂದೇ ಮೇಜಿನ ಎದುರು ಕುಳಿತರೆ ಸಾಕು. ಆದರೆ ಹಳೆಯ ಡಿಸ್ಕುಗಳು ನಮಗಾಗಿ ಬಹುಕಾಲ ಕಾಯುವುದಿಲ್ಲ. ಈ ವರ್ಷವೇ ತೊಡಗುವುದು ಒಳ್ಳೆಯದು.