ಕೊಟ್ಟಿಗೆಗೆ ತಗಡು ಹಾಕಿಸುವ ಮುನ್ನ

ಹಾಲು ಉತ್ಪಾದಕ ಸಹೋದರಿಯರೇ,

ಕಳಸಾಪುರದ ಸುತ್ತಮುತ್ತ ಹಳೆಯ ಮನೆಗಳು ಬಹುತೇಕ ಮಣ್ಣಿನ ಮಾಳಿಗೆಯವು. ಸೋರಿದರೆ ಸವಳು ಮಣ್ಣು ತಂದು ಹಾಕಿ ತುಳಿದರೆ ಮುಗಿಯಿತು. ಕೆಲಸ ಮಾಡಿದವರೂ ಅದೇ ಓಣಿಯವರು, ತಪ್ಪಿದರೆ ಕರೆದು ಕೇಳಬಹುದಿತ್ತು. ಈಗ ಕೊಟ್ಟಿಗೆಗೆಲ್ಲ ತಗಡು. ಹಾಕುವವರು ಎಲ್ಲಿಂದಲೋ ಬಂದು ಎರಡು ದಿನದಲ್ಲಿ ಮುಗಿಸಿ ಹೋಗುತ್ತಾರೆ. ಏಪ್ರಿಲ್‌-ಮೇ ತಿಂಗಳ ಗುಡುಗು ಗಾಳಿಗೆ ತಗಡು ಹಾರಿದಾಗ ಫೋನ್ ಎತ್ತುವವರಿಲ್ಲ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲವಲ್ಲ!

ಅಂಗಡಿಯಲ್ಲಿ ಕೇಳಿದರೆ ಗುತ್ತಿಗೆದಾರನ ಹೆಸರು ಕೊಡುತ್ತಾರೆ, ಆದರೆ ಅದು ಅವರ ಗಿರಾಕಿಯ ಹೆಸರು. ಅದಕ್ಕಿಂತ ಸಂಘದಲ್ಲಿ ಹಾಲು ಹಾಕುವ ಸಾಲಿನಲ್ಲಿ ನಿಂತಾಗ ಕೇಳಿ: ಎರಡು ಮಳೆಗಾಲ ಕಂಡ ತಗಡಿನ ಕೊಟ್ಟಿಗೆ ಯಾರದ್ದು, ಹಾಕಿದವರು ಯಾರು? ಹೊಸದಾಗಿ ಹೊಳೆಯುವ ತಗಡು ನೋಡಿದರೆ ಏನೂ ತಿಳಿಯದು. ಹಳೆಯದರ ಒಳಗೆ ನಿಂತು ತಲೆ ಎತ್ತಿ. ಬೋಲ್ಟಿನ ಸುತ್ತ ತುಕ್ಕಿನ ಗೆರೆ ಇಳಿದಿದೆಯೇ, ಬೆಳಕಿನ ಚುಕ್ಕೆ ಕಾಣುತ್ತದೆಯೇ ನೋಡಿ. ಆ ಮನೆಯಲ್ಲಿ ಸಗಣಿ ಬಾಚುವವರನ್ನೇ ಮಾತನಾಡಿಸಿ, ಎಲ್ಲಿ ಸೋರುತ್ತದೆ ಎಂಬುದು ಅವರಿಗೇ ಗೊತ್ತಿರುತ್ತದೆ.

ಬಂದವನನ್ನು ಸ್ವಲ್ಪ ಪರೀಕ್ಷೆ ಮಾಡಿ. ಬೋಲ್ಟು ತಗಡಿನ ಉಬ್ಬಿಗೋ ತಗ್ಗಿಗೋ? ಉಬ್ಬಿಗೆ, ರಬ್ಬರ್ ವಾಷರ್ ಹಾಕಿ ಎಂದರೆ ಸರಿ. ತಗ್ಗಿನಲ್ಲಿ ನೀರು ಹರಿಯುತ್ತದೆ. ಕೊಟ್ಟಿಗೆ ಮೂಡಣ-ಪಡುವಣ ಉದ್ದವಿದ್ದರೆ ಯಾವ ತುದಿಯಿಂದ ಹೊದಿಸುತ್ತೀರಿ? ಮಳೆಗಾಲದ ಗಾಳಿ ಪಡುವಣದ್ದು, ಆದ್ದರಿಂದ ಮೂಡಣದಿಂದ ಹೊದಿಸುತ್ತ ಬಂದರೆ ಗಾಳಿ ಸಂದಿಗೆ ನುಗ್ಗುವುದಿಲ್ಲ. ಕಂಬದ ಗುಂಡಿ ಎಷ್ಟು ಆಳ? ನಮ್ಮ ಎರೆ ನೆಲ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ. ಎರಡಡಿ, ಮೂರಡಿ ಎಂದವನಿಗಿಂತ “ಗರಸು ಸಿಗೋತನಕ” ಎಂದವನು ನೆಲ ಬಲ್ಲವನು.

ಸಾಮಾನನ್ನು ಆದಷ್ಟು ನೀವೇ ಬಿಲ್ ಮಾಡಿಸಿ ತರಿಸಿ, ಅವನಿಗೆ ಕೂಲಿ ಮಾತ್ರ ಕೊಡಿ. ಅವನೇ ತರುವುದಾದರೆ ತಗಡಿನ ಕಂಪನಿ, ದಪ್ಪ ಎಷ್ಟು ಮಿಲಿಮೀಟರ್ ಎಂಬುದನ್ನು ಹಾಳೆಯ ಮೇಲೆ ಬರೆಸಿ, 0.50 ಎಂದು ಒಪ್ಪಿ 0.35 ತಂದಿಳಿಸಿದರೆ ಕಣ್ಣಿಗೆ ಗೊತ್ತಾಗದು. ಪೂರ್ತಿ ಮುಂಗಡ ಬೇಡ. ಹತ್ತರಲ್ಲಿ ಒಂದು ಪಾಲು ಮೊದಲ ದೊಡ್ಡ ಮಳೆಯ ನಂತರ ಎಂದು ಮೊದಲೇ ಹೇಳಿ. ಹಾಲಿನ ಬಟವಾಡೆ ನಿಮ್ಮ ಖಾತೆಗೆ ಬರುತ್ತದೆ, ಹಾಳೆಯ ಮೇಲೂ ನಿಮ್ಮ ಹೆಸರೇ ಇರಲಿ. “ಯಜಮಾನ್ರನ್ನ ಕರೀರಿ” ಎನ್ನುವವನಿಗೆ ದುಡ್ಡು ಎಣಿಸುವವರು ಯಾರೆಂದು ಹೇಳಿಬಿಡಿ.

ಉದ್ಯೋಗ ಖಾತ್ರಿಯಲ್ಲಿ ಕೊಟ್ಟಿಗೆ ಮಾಡಿಸುವವರು ಕಾಮಗಾರಿ ಆದೇಶ ಕೈಗೆ ಬರುವ ಮೊದಲು ಗುದ್ದಲಿ ಹಾಕಬೇಡಿ. ಖಾಲಿ ಜಾಗದ ಫೋಟೊ ಇಲ್ಲದಿದ್ದರೆ ಬಿಲ್ ನಿಲ್ಲುತ್ತದೆ. ಈಗಿನ ಮೊತ್ತ, ನಿಯಮಗಳನ್ನು ಪಂಚಾಯಿತಿಯಲ್ಲಿ ಕೇಳಿ.

ಇನ್ನು ದನಗಳ ಮಾತು. ಡ್ರಿಲ್ಲಿನ ಸದ್ದಿಗೆ ಬೆದರಿದ ಹಸು ಸೊರೆ ಬಿಡುವುದಿಲ್ಲ, ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಬೆಳಗಿನ ಹಾಲು ಕರೆದ ಮೇಲೆ ಕೆಲಸ ಶುರುವಾಗಲಿ, ಸಂಜೆಯದಕ್ಕೆ ಒಂದು ತಾಸು ಮೊದಲೇ ನಿಲ್ಲಲಿ, ದನಗಳನ್ನು ದೂರದ ನೆರಳಿಗೆ ಕಟ್ಟಿ. ಅದಕ್ಕಿಂತ ದೊಡ್ಡ ಅಪಾಯ ಕೆಳಗೆ ಬಿದ್ದ ಮೊಳೆ, ಸ್ಕ್ರೂ, ತಂತಿಯ ಚೂರು. ಹಸು ಮೇವನ್ನು ಆರಿಸಿ ತಿನ್ನುವ ಪ್ರಾಣಿಯಲ್ಲ, ಕಣಕಿಯ ಜೊತೆ ಮೊಳೆಯನ್ನೂ ನುಂಗಿಬಿಡುತ್ತದೆ. ಅದು ಹೊಟ್ಟೆಯ ಎರಡನೇ ಕೋಣೆಯಲ್ಲಿ ನಿಂತು ಗೋಡೆ ಚುಚ್ಚಿ, ಮುಂದೆಯೇ ಇರುವ ಹೃದಯದ ತನಕ ಹೋಗಬಲ್ಲದು. ಮೇವು ಬಿಡುವುದು, ಬೆನ್ನು ಬಾಗಿಸಿ ನಿಲ್ಲುವುದು, ಮುಂದೆ ಎದೆಯ ಕೆಳಗೆ ಬಾವು ಇದರ ಲಕ್ಷಣ. ಬಾವು ಕಾಣುವ ಹೊತ್ತಿಗೆ ಉಳಿಸುವುದು ಕಷ್ಟ, ಆದ್ದರಿಂದ ಮೇವು ಬಿಟ್ಟ ದಿನವೇ ಪಶುವೈದ್ಯರನ್ನು ಕರೆಯಿರಿ, ತಗಡಿನ ಕೆಲಸ ನಡೆದಿತ್ತು ಎಂಬುದನ್ನೂ ಹೇಳಿ. ಕೆಲಸದ ದಿನ ಗ್ವಾದಲಿ, ಬಣವೆಗಳ ಮೇಲೆ ತಾಡಪತ್ರಿ ಹೊದಿಸಿ. ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಅಂಗಳದ ತುಂಬ ಎಳೆದಾಡಿ, ಬಾಕಿ ಕೂಲಿ ಎಣಿಸುವುದು ಅದು ಖಾಲಿಯಾಗಿ ಬಂದ ಮೇಲೆ.