ಕಾರು ಕಿರುಚಿದರೆ ಕಿವಿಗೊಡಿ

ಕಳೆದ ವರ್ಷದ ಮಳೆಗಾಲದ ಮಾತು. ಅಂಧೇರಿ ಪಶ್ಚಿಮದ ನಮ್ಮ ಸೊಸೈಟಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕೆಳಗಿನಿಂದ 'ಕೀಂ...ಯ್' ಎಂದು ಕಿವಿ ಸೀಳುವ ಸದ್ದು ಬರುತ್ತಿತ್ತು. ಹತ್ತು ಸೆಕೆಂಡು ಕಿರುಚಿ, ತನಗೇನೂ ಗೊತ್ತಿಲ್ಲವೆಂಬಂತೆ ಸುಮ್ಮನಾಗುತ್ತಿತ್ತು. "ಬಂತು ನೋಡಿ, ನಿಮ್ಮ ಅಳಿಯನ ಸುಪ್ರಭಾತ" ಎಂದು ನನ್ನವಳು ನಗುತ್ತಿದ್ದಳು.

ಅಳಿಯನೆಂದರೆ ನನ್ನ ತಂಗಿಯ ಮಗ. ಇಲ್ಲೇ ಹುಟ್ಟಿ ಬೆಳೆದ ಹುಡುಗ. ಸ್ವಂತ ಸಂಪಾದನೆಯಲ್ಲಿ ಒಂದು ಹಳೆಯ ಪೆಟ್ರೋಲ್ ಕಾರು ಕೊಂಡಿದ್ದ. ಚೌತಿಗೆ ಅಮ್ಮನನ್ನು ಅದರಲ್ಲೇ ಉಡುಪಿಗೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದ. ಸುಮಾರು 900 ಕಿಲೋಮೀಟರಿನ ದಾರಿ. ನಡುವೆ ಕೊಂಕಣದ ಘಾಟಿಗಳು, ಮೇಲಿನಿಂದ ಮಳೆ. ಒಂದು ಗ್ಯಾರೇಜಿನವರು ಬೆಲ್ಟು ಬದಲಿಸಿದರು. ಎರಡೇ ವಾರದಲ್ಲಿ ಮತ್ತೆ ಅದೇ ರಾಗ. ಈ ಸಲ "ಆಲ್ಟರ್ನೇಟರೇ ಹೋಗಿದೆ" ಎಂದರು. ಅದೆಂದರೆ ಸಾವಿರಾರು ರೂಪಾಯಿಯ ಬಾಬ್ತು.

"ಮಾಮ, ನಾಯ್ಸ್ ಬರ್ತಿದೆ" ಎಂದ ಹುಡುಗ.

"ಎಂಥ ನಾಯ್ಸ್ ಮಾರಾಯ?"

"ಎಂಥದು ಅಂದ್ರೆ... ನಾಯ್ಸ್!"

ತರುಣ ಮಿತ್ರರೇ, ತೊಂದರೆ ಇರುವುದು ಇಲ್ಲಿಯೇ. ನಮ್ಮ ಅಜ್ಜಿಯಂದಿರಿಗೆ ಬಾಗಿಲಿನ ಸದ್ದು ಬೇರೆ, ಬೀಸುವ ಕಲ್ಲಿನ ಸದ್ದು ಬೇರೆ, ಸೊಳ್ಳೆಯ ಸದ್ದು ಬೇರೆ. ಒಂದು ಕಿರ್ರೆಂದರೆ ಇನ್ನೊಂದು ಗೊರಗೊರ, ಮತ್ತೊಂದು ಗುಂಯ್. ಕಾರಿನ ವಿಷಯದಲ್ಲಿ ಈ ಮಾತುಗಳು ಬಹಳ ಉಪಯೋಗಕ್ಕೆ ಬರುತ್ತವೆ. ಸದ್ದಿಗೆ ಸರಿಯಾದ ಹೆಸರಿಟ್ಟರೆ ಅರ್ಧ ರೋಗ ಗೊತ್ತಾದಂತೆಯೇ.

ಬೆಲ್ಟು ಮಾಡುವ ಕೆಲಸ

ಎಂಜಿನ್ನಿನ ಮುಂಭಾಗದಲ್ಲಿ ತಿರುಗುವ ಪುಲ್ಲಿಯಿಂದ ಒಂದು ರಬ್ಬರ್ ಪಟ್ಟಿ ಹೊರಟು ಉಳಿದ ಭಾಗಗಳನ್ನು ತಿರುಗಿಸುತ್ತದೆ. ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರ್, ಏಸಿಯ ಕಂಪ್ರೆಸರ್, ಅನೇಕ ಕಾರುಗಳಲ್ಲಿ ಎಂಜಿನ್ನನ್ನು ತಣ್ಣಗಿಡುವ ವಾಟರ್ ಪಂಪ್ ಎಲ್ಲವೂ ಇದನ್ನೇ ನಂಬಿಕೊಂಡಿರುತ್ತವೆ. ನಮ್ಮ ಕುರ್ಲಾದಲ್ಲೇ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯಲ್ಲಿ ಇದು ರೇಡಿಯೇಟರಿನ ಫ್ಯಾನನ್ನೂ ತಿರುಗಿಸುತ್ತಿತ್ತು. ಹಾಗಾಗಿ 'ಫ್ಯಾನ್ ಬೆಲ್ಟ್' ಎಂಬ ಹೆಸರು. ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಗಳಿಂದ ಮರೆಯಾಯಿತು. ಈಗಿನ ಹೆಚ್ಚಿನ ಕಾರುಗಳಲ್ಲಿ ಫ್ಯಾನಿಗೆ ಬೇರೆಯೇ ಮೋಟಾರು ಇದೆ. ಆದರೂ ಹೆಸರು ಮಾತ್ರ ಉಳಿದಿದೆ.

ಯಾವ ಸದ್ದಿಗೆ ಯಾವ ಅರ್ಥ?

'ಕೀಂ...ಯ್' ಎಂದು ಉದ್ದಕ್ಕೆ ಎಳೆದರೆ ಬೆಲ್ಟು ಪುಲ್ಲಿಯ ಮೇಲೆ ಜಾರುತ್ತಿದೆ ಎಂದರ್ಥ. ಸಡಿಲವಾಗಿರಬಹುದು, ಸವೆದಿರಬಹುದು, ಎಣ್ಣೆಯೋ ಕೂಲಂಟೋ ತಾಗಿರಬಹುದು. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಆಲ್ಟರ್ನೇಟರಿನ ಮೇಲೆ ಹೊರೆ ಹೆಚ್ಚು. ಆದ್ದರಿಂದ ಆಗಲೇ ಕಿರುಚಾಟ ಜೋರು. ಏಸಿ, ಹೆಡ್‌ಲೈಟು ಹಾಕಿದಾಗ ಸದ್ದು ಏರಿದರೆ ಜಾರುತ್ತಿರುವುದು ಬಹುಮಟ್ಟಿಗೆ ಖಚಿತ.

'ಚಿಂವ್ ಚಿಂವ್' ಎಂದು ಗುಬ್ಬಚ್ಚಿಯಂತೆ ತಾಳಬದ್ಧವಾಗಿ ಕೂಗಿ, ಎಂಜಿನ್ ವೇಗದೊಂದಿಗೆ ತಾಳವೂ ಚುರುಕಾದರೆ ಪುಲ್ಲಿಗಳು ಒಂದೇ ನೇರದಲ್ಲಿ ಇಲ್ಲದಿರಬಹುದು.

'ಗೊರಗೊರ' ಅಥವಾ ಎಡೆಬಿಡದ 'ಗುಂಯ್' ಎಂದರೆ ಯಾವುದೋ ಬೇರಿಂಗು ಸವೆದಿದೆ.

ಅಂಧೇರಿ ಸಬ್‌ವೇಯ ನೀರು ಎರಚಿದ ಮೇಲೆ ಒಂದೆರಡು ನಿಮಿಷ ಕಿರುಚಿ, ಒಣಗಿದೊಡನೆ ನಿಂತರೆ ಗಾಬರಿ ಬೇಡ. ವರ್ಸೋವಾದ ಉಪ್ಪುಗಾಳಿಯಲ್ಲಿ ವಾರಗಟ್ಟಲೆ ನಿಂತ ಕಾರಿನ ಪುಲ್ಲಿಗೆ ತೆಳುವಾಗಿ ತುಕ್ಕು ಹಿಡಿದು ಸದ್ದು ಬರುವುದೂ ಉಂಟು. ಆದರೆ ದಿನವೂ ಬಂದರೆ ಉದಾಸೀನ ಮಾಡಬಾರದು.

ನೋಡುವ ಬಗೆ

ಎಂಜಿನ್ ನಿಲ್ಲಿಸಿ, ಆರಲು ಬಿಟ್ಟು, ಕೀಲಿಯನ್ನು ಜೇಬಿಗೆ ಹಾಕಿಕೊಂಡೇ ಬಾನೆಟ್ಟಿನೊಳಗೆ ಕೈ ಹಾಕಿ. ಎಂಜಿನ್ ಬಿಸಿಯಿದ್ದರೆ ಕೆಲವು ಕಾರುಗಳ ಫ್ಯಾನು ತಾನಾಗಿಯೇ ತಿರುಗಬಹುದು. ದುಪಟ್ಟಾ, ಬಿಚ್ಚುಗೂದಲು, ಕೈಗಡಗಗಳ ಬಗ್ಗೆ ಎಚ್ಚರ. ಬೆಲ್ಟಿನ ಒಳಮೈ ಕನ್ನಡಿಯಂತೆ ಹೊಳೆಯುತ್ತಿದೆಯೇ? ಅಂಚು ಹರಿದಿದೆಯೇ? ಹಳೆಯ ರಬ್ಬರಿನಲ್ಲಿ ಬಿರುಕು ಕಾಣುತ್ತಿತ್ತು; ಈಗಿನ 'ಇಪಿಡಿಎಂ' ರಬ್ಬರು ಸುಲಭವಾಗಿ ಬಿರುಕು ಬಿಡದೆ ಒಳಗೊಳಗೇ ಸವೆಯುತ್ತದೆ. ಆದ್ದರಿಂದ ನೋಟಕ್ಕೆ ಮೋಸಹೋಗಬೇಡಿ.

ಇನ್ನೊಂದು ಪರೀಕ್ಷೆಯಿದೆ. ಅನುಭವಸ್ಥರು ಜೊತೆಗಿದ್ದರೆ ಮಾತ್ರ ಮಾಡಿ. ಎಂಜಿನ್ ಓಡುತ್ತಿರುವಾಗ ದೂರದಿಂದ ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಸಿಂಪಡಿಸಬೇಕು. ಸದ್ದು ಕ್ಷಣಕಾಲ ನಿಂತು ಮತ್ತೆ ಬಂದರೆ ಪುಲ್ಲಿ ನೇರವಾಗಿಲ್ಲ. ಸದ್ದು ಇನ್ನೂ ಜೋರಾದರೆ ಬಿಗಿ ಸಾಲದು. ಏನೂ ವ್ಯತ್ಯಾಸವಾಗದಿದ್ದರೆ ಬೇರಿಂಗಿನ ಮೇಲೆ ಸಂಶಯಪಡಿ.

ಸದ್ದು ಅಡಗಿಸಲು ಬೆಲ್ಟಿಗೆ ಹೊಡೆಯುವ ಸ್ಪ್ರೇ ಮಾತ್ರ ಬೇಡ. ಅದು ಅಳುವ ಮಗುವಿನ ಬಾಯಿ ಮುಚ್ಚಿದಂತೆ. ಸದ್ದು ಅಡಗುತ್ತದೆ, ಕಾರಣ ಹಾಗೆಯೇ ಉಳಿಯುತ್ತದೆ.

ಅಳಿಯನ ಕಾರಿಗೆ ಏನಾಗಿತ್ತು?

ಒಂದು ಭಾನುವಾರ ಇಬ್ಬರೂ ಟಾರ್ಚು ಹಿಡಿದು ನಿಂತೆವು. ಹೊಸ ಬೆಲ್ಟು ಸವೆದಿರಲಿಲ್ಲ, ಆದರೆ ಅದರ ಒಂದು ಅಂಚು ತೇವವಾಗಿತ್ತು. ಕೂಲಂಟ್ ಬಾಟಲಿಯಲ್ಲಿ ಮಟ್ಟ ಕೆಳಗಿಳಿದಿತ್ತು. ವಾಟರ್ ಪಂಪಿನ ಕೆಳಗೆ ಹಸಿರು ಕಲೆ ಒಣಗಿ ನಿಂತಿತ್ತು. ಪಂಪಿನ ಸೀಲು ಸೋರಿ, ಆ ಹನಿ ಬೆಲ್ಟಿಗೆ ತಾಗಿ ಅದು ಜಾರುತ್ತಿತ್ತು. ತಪ್ಪು ಪಂಪಿನದು, ಕೂಗಿದ್ದು ಬೆಲ್ಟು, ದಂಡ ತೆರಬೇಕಾಗಿದ್ದದ್ದು ಆಲ್ಟರ್ನೇಟರು!

ಹುಡುಗ ಬೇರೊಬ್ಬ ಮೆಕ್ಯಾನಿಕ್ ಬಳಿ ಹೋಗಿ, "ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹತ್ತು ಸೆಕೆಂಡು ಉದ್ದಕ್ಕೆ ಕಿರುಚುತ್ತದೆ, ಕೂಲಂಟ್ ಕಡಿಮೆಯಾಗಿದೆ, ಪಂಪಿನ ಕೆಳಗೆ ಕಲೆಯಿದೆ" ಎಂದು ವಿವರಿಸಿದ. ಆತ ಪಂಪಿನ ಪುಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ. ಬೇರಿಂಗೂ ಸಡಿಲವಾಗಿತ್ತು. ಪಂಪು ಮತ್ತು ಬೆಲ್ಟು ಬದಲಾದವು. ಮರುದಿನದಿಂದ ಸುಪ್ರಭಾತವಿಲ್ಲ.

ಹಾಗೆಯೇ ಹೊರಟಿದ್ದರೆ? ಮಳೆಯ ರಾತ್ರಿ ಘಾಟಿಯಲ್ಲಿ ಪಂಪು ಕೈಕೊಟ್ಟಿದ್ದರೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ಕಾದು ಕುದಿಯುತ್ತಿತ್ತು. ವಯಸ್ಸಾದ ತಾಯಿಯೊಂದಿಗೆ ದಾರಿಯಲ್ಲಿ ನಿಲ್ಲಬೇಕಾಗುತ್ತಿತ್ತು. ಇದೊಂದನ್ನು ನೆನಪಿಡಿ: ಓಡುವಾಗ ಬ್ಯಾಟರಿಯ ಕೆಂಪು ದೀಪ ಹೊತ್ತಿ ಉಷ್ಣತೆಯೂ ಏರತೊಡಗಿದರೆ ಸುರಕ್ಷಿತ ಜಾಗದಲ್ಲಿ ಕೂಡಲೇ ಎಂಜಿನ್ ನಿಲ್ಲಿಸಿ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಲೇಬೇಡಿ.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಎಲ್ಲವನ್ನೂ ನೀವೇ ರಿಪೇರಿ ಮಾಡಬೇಕಿಲ್ಲ. ಯಾವಾಗ, ಎಷ್ಟು ಹೊತ್ತು, ಎಂಥ ಸದ್ದು ಎಂದು ಹೇಳಲು ಬಂದರೆ ಸಾಕು.

ಅಂದ ಹಾಗೆ, ತಾಯಿ ಮಗ ಚೌತಿಗೆ ಸುಖವಾಗಿ ಊರು ಸೇರಿದರು. ಅಲ್ಲಿಂದ ಫೋನು ಬಂತು: "ಮಾಮ, ಕಾರು ಚೆನ್ನಾಗಿದೆ. ಆದರೆ ಅಜ್ಜಿ ಮನೆಯ ಬಾಗಿಲು ಕಿರ್ರ್ ಅನ್ನುತ್ತಿದೆ. ಎಣ್ಣೆ ಹಾಕಿದೆ!"